ಇಂದಿನ ಧಮ್ಮ ಚಿಂತನೆ: ಬೊಂಬೆಯ ಬೆನ್ನು

 

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕುಂಬಾರಿಕೆಗೆ ಹೆಸರಾದ ಸೀಮೆ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯಾದ ಮೇಲೆ ರಾಣಿ, ಆಕೆಯ ಗಂಡ ಆಲ್ಬರ್ಟ್ ಮತ್ತು ಮಕ್ಕಳ ಮಣ್ಣಿನ ಬೊಂಬೆಗಳು ಅಲ್ಲಿ ರಾಶಿ ರಾಶಿಯಾಗಿ ತಯಾರಾದವು. ಸಾಮಾನ್ಯ ಜನರೂ ಕೊಂಡು ಮನೆಯಲ್ಲಿಟ್ಟರು. ಈಗ ಹಳೆಯ ವಸ್ತುಗಳ ಸಂಗ್ರಹಕಾರರು ಅವನ್ನು ಹುಡುಕಿ ಕೊಳ್ಳುತ್ತಾರೆ.

ಅವುಗಳ ಬಗ್ಗೆ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಅವುಗಳ ಬೆನ್ನು. ಗೋಡೆಗೆ ಒತ್ತಿ ಇಡುವ ಬೊಂಬೆಯಾದ್ದರಿಂದ ಹಿಂಬದಿ ಚಪ್ಪಟೆ, ಬಣ್ಣವೂ ಕಡಿಮೆ. ಬಹುಪಾಲು ಬೊಂಬೆಗಳ ಮೇಲೆ ಮಾಡಿದವರ ಗುರುತೇ ಇಲ್ಲ. ಆ ಸೀಮೆಯ ಕಾರ್ಖಾನೆಗಳಲ್ಲಿ ಹತ್ತು ವರ್ಷ ತುಂಬದ ಮಕ್ಕಳು ಅಚ್ಚುಗಳನ್ನು ಹೊತ್ತು ಬಿಸಿ ಕೋಣೆಗಳಿಗೆ ಓಡಾಡುತ್ತಿದ್ದರು. 1840ರ ದಶಕದ ಸರ್ಕಾರಿ ವಿಚಾರಣೆಯಲ್ಲಿ ಇದು ದಾಖಲಾಗಿದೆ. ರಾಣಿಯ ಮುಖ ಉಳಿಯಿತು, ದುಡಿದವರ ಹೆಸರು ಉಳಿಯಲಿಲ್ಲ.

ಯಾವುದೂ ತಾನಾಗಿ ಹುಟ್ಟುವುದಿಲ್ಲ, ಕಾರಣಗಳಿಂದ ಹುಟ್ಟುತ್ತದೆ ಎಂದು ಬುದ್ಧರು ಕಲಿಸಿದರು. ಮುಂಬದಿಯ ಹೊಳಪನ್ನಷ್ಟೇ ನೋಡದೆ ಅದರ ಹಿಂದಿನ ಕಾರಣಗಳನ್ನೂ ನೋಡುವುದು ಸಮ್ಯಕ್ ದೃಷ್ಟಿ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ರಾಜಕೀಯದಲ್ಲಿನ ವ್ಯಕ್ತಿಪೂಜೆಯ ಬಗ್ಗೆ ಎಚ್ಚರಿಸಿದರು. ಆ ಎಚ್ಚರಿಕೆ ನಮಗೂ ಸಲ್ಲುತ್ತದೆ. ಬಾಬಾಸಾಹೇಬರ ಪಟವನ್ನೂ ಹಾರ ಹಾಕಿ ಗೋಡೆಗೆ ಒತ್ತಿ ಇಟ್ಟುಬಿಟ್ಟರೆ ಅದೂ ಬೊಂಬೆಯೇ ಆದೀತು. ಅವರ ಪುಸ್ತಕ ತೆರೆದಾಗ, ಅವರ ಜೊತೆ ನಡೆದ ಹೆಸರಿಲ್ಲದ ಸಾವಿರಾರು ತಾಯಂದಿರನ್ನು, ಕೂಲಿಕಾರರನ್ನು ನೆನೆದಾಗ ಆ ಪಟ ಮಾತಾಡುತ್ತದೆ.

ಇಂದಿನ ಅಭ್ಯಾಸ: ನಮ್ಮ ಕೇರಿಯ ಚಳವಳಿಗೆ ದುಡಿದ ಹಿರಿಯರೊಬ್ಬರ ಹೆಸರನ್ನು ಮನೆಯ ಮಕ್ಕಳಿಗೆ ಹೇಳೋಣ.

ಭವತು ಸಬ್ಬ ಮಂಗಲಂ.