ಕಾಯಕದ ತಂಡಕ್ಕೆ ಮುಂದಾಳು

ಭೀಮಾತೀರದ ಮಣ್ಣೂರಿನವರಿಗೆ ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರ, ಪರಿಚಿತ ಕ್ಷೇತ್ರ. 12ನೆಯ ಶತಮಾನದಲ್ಲಿ ಸಿದ್ಧರಾಮರು ಅಲ್ಲಿ ಜನರನ್ನು ಕೂಡಿಸಿ ಕೆರೆ ಕಟ್ಟಿಸುತ್ತಿದ್ದರು. ಅಲ್ಲಮಪ್ರಭುಗಳು ಬಂದು ಅವರನ್ನು ‘ಒಡ್ಡ’ನೆಂದು ಕರೆಯಲು, ಕೆಲಸಗಾರರು ಕೆರಳಿ ಕಲ್ಲೆಸೆದರೆಂದು ಶೂನ್ಯಸಂಪಾದನೆಯಲ್ಲಿದೆ. ತಾವೇ ಮಾಡುತ್ತಿದ್ದ ಕಾಯಕದ ಹೆಸರು ಅವರಿಗೆ ನಿಂದೆಯಾಗಿ ಕೇಳಿಸಿದ್ದು ವಿಚಾರಣೀಯ! ಆ ತಂಡದಲ್ಲಿ ಭಕ್ತಿಯಿತ್ತು. ಮುಂದಾಳನ್ನು ಪ್ರಶ್ನಿಸಿದರೆ ಸೈರಿಸುವ ಅಭ್ಯಾಸವಿರಲಿಲ್ಲ.

ಕಲ್ಯಾಣದ ಅನುಭವಮಂಟಪವು ಕಲಿಸಿದ್ದು ಈ ಅಭ್ಯಾಸವನ್ನೇ. ಅಧಿಕಾರದಲ್ಲಿದ್ದ ಬಸವಣ್ಣನವರು ಶೂನ್ಯಸಿಂಹಾಸನವನ್ನು ತಾವೇರದೆ ಅಲ್ಲಮರನ್ನು ಕುಳ್ಳಿರಿಸಿದರು. ಅಕ್ಕಮಹಾದೇವಿಗೂ ಅಲ್ಲಿ ಪರೀಕ್ಷೆ ತಪ್ಪಲಿಲ್ಲ. ಸಿದ್ಧರಾಮರು ಅಲ್ಲಿಗೆ ಬಂದು, ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು.

ಊರ ಕೆರೆಯ ಹೂಳೆತ್ತುವ ತರುಣರು ಇದನ್ನು ಆಚರಿಸಿ ನೋಡಬಹುದು. ದಿನಕ್ಕೊಬ್ಬನು ಮುಂದಾಳಾಗಿ ಮೊದಲ ಬುಟ್ಟಿಯನ್ನು ತಾನೇ ಹೊರಲಿ. ಸಂಜೆ ಎಲ್ಲರೂ ಸುತ್ತ ಕುಳಿತು ಅವನನ್ನು ಪ್ರಶ್ನಿಸಲಿ. ಮೊದಲ ಮಾತು ಕಿರಿಯನಿಗೆ ಸಲ್ಲಬೇಕು. ಹಿರಿಯರು ಮೊದಲು ನುಡಿದರೆ ಉಳಿದವರು ತಲೆದೂಗಿ ಎದ್ದುಹೋಗುತ್ತಾರೆ.