ಈ ವರ್ಷದ ಅಳತೆಗೇ ತಗೋ

ಚಿ. ಸೌ. ವಿಭಾಳಿಗೆ,

ನಿನ್ನ ಪುಟ್ಟಿ ಈ ಚಳಿಗಾಲ ಐಸ್ ಹಾಕಿಯಲ್ಲಿ ಗೋಲ್‌ಕೀಪರೇ ಆಗಬೇಕೆಂದು ಹಟ ಹಿಡಿದಿದ್ದಾಳೆಂದು ಕೇಳಿ ನನಗೆ ಹಿಗ್ಗೋ ಹಿಗ್ಗು. ನಿನ್ನ ಭಯವೂ ಅರ್ಥವಾಗುತ್ತದೆ. 170 ಗ್ರಾಂ ತೂಕದ ಗಟ್ಟಿ ರಬ್ಬರ್ ಪಕ್ಕಿನ ಎದುರು ನಿಲ್ಲುವುದು ಒಂಬತ್ತು ವರ್ಷದ ಮಗು ತಾನೆ!

ಮೊದಲು ಕ್ಲಬ್ಬಿನಲ್ಲಿ ವಿಚಾರಿಸು. ಚಿಕ್ಕ ಮಕ್ಕಳಿಗೆ ಎಷ್ಟೋ ಕಡೆ ಗೋಲ್‌ಕೀಪರ್ ಸಾಮಾನನ್ನು ಎರವಲು ಕೊಡುತ್ತಾರೆ. ಕೊಳ್ಳಲೇಬೇಕಾದರೆ, ಮುಂದಿನ ವರ್ಷದ ಅಳತೆಗೆ ಏನನ್ನೂ ತಗೋಬೇಡ. ಎರಡು ವರ್ಷ ಬರಲಿ ಎಂದು ಸ್ಕೂಲ್ ಯೂನಿಫಾರ್ಮನ್ನು ದೊಗಲೆಯಾಗಿ ಹೊಲಿಸಿಕೊಂಡು ಬೆಳೆದವರು ನಾವು. ಕ್ಯಾಲ್ಗರಿಯ ಅಂಗಡಿಯಲ್ಲೂ ಕೈ ತಾನಾಗಿ ದೊಡ್ಡ ಸೈಜಿನತ್ತ ಹೋಗುತ್ತದೆ.

ಕಾಲಿನ ಪ್ಯಾಡನ್ನೇ ನೋಡು. ಸ್ಕೇಟ್ ಹಾಕಿಸಿ, ಅದರ ಮೇಲೆ ಪ್ಯಾಡ್ ಕಟ್ಟಿಸಿ, ಅಂಗಡಿಯ ಕಾರ್ಪೆಟ್ ಮೇಲೇ ಅವಳನ್ನು ಮಂಡಿಯೂರಿಸು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗಮನಿಸು: ಪ್ಯಾಡಿನ ಒಳಬದಿಯಲ್ಲಿ ಮಂಡಿಗೆಂದೇ ಇರುವ ಮೆತ್ತೆಯ ನಟ್ಟನಡುವೆ ಮಂಡಿ ಕೂರಬೇಕು. ಈಗಿನ ಮಕ್ಕಳು ಕಲಿಯುವುದು ಬಟರ್‌ಫ್ಲೈ, ಮಂಡಿಯೂರಿ ಎರಡೂ ಕಾಲನ್ನು ಹೊರಕ್ಕೆ ಚಾಚಿ ತಡೆಯುವ ಭಂಗಿ. ಪ್ಯಾಡ್ ಉದ್ದವಾದರೆ ಮಂಡಿ ಆ ಮೆತ್ತೆ ತಪ್ಪಿ ಕೆಳಗೆ ಜಾರುತ್ತದೆ, ಪ್ಯಾಡ್ ಸರಿಯಾಗಿ ತಿರುಗುವುದಿಲ್ಲ, ಮಗು ಮೇಲೇಳಲು ಒದ್ದಾಡುತ್ತದೆ.

ಗ್ಲೌಸ್ ಹೊಸದೇ ಬೇಕೆಂದಿಲ್ಲ. ಹೊಸದು ಹಲಗೆಯಷ್ಟು ಬಿರುಸು, ಪುಟ್ಟ ಕೈಗೆ ಮುಚ್ಚಲಾಗದು. ಒಂದು ಟೆನಿಸ್ ಚೆಂಡು ಎಸೆದು ನೋಡು. ಹಿಡಿದು ಬೆರಳು ಮಡಚಲು ಬಂದರೆ ಸರಿ. ಬಳಸಿ ಮೆತ್ತಗಾದದ್ದೇ ಎಷ್ಟೋ ಸಲ ಮೇಲು. ಪ್ಯಾಡ್, ಇನ್ನೊಂದು ಕೈಯ ಬ್ಲಾಕರ್ ಕೂಡ ಹಳೆಯದಾದರೆ ಅಡ್ಡಿಯಿಲ್ಲ, ಪಟ್ಟಿ ಮತ್ತು ಹೊಲಿಗೆ ಗಟ್ಟಿಯಿರಲಿ.

ಆದರೆ ಮಾಸ್ಕಿನಲ್ಲಿ ಉಳಿತಾಯ ಬೇಡ, ಕಂದ. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಮುಖಕ್ಕೆ ಪಕ್ ಬಡಿಯಿತು. ಹೊಲಿಗೆ ಹಾಕಿಸಿಕೊಂಡವನು ಅಭ್ಯಾಸದಲ್ಲಷ್ಟೇ ಬಳಸುತ್ತಿದ್ದ ಮಾಸ್ಕ್ ತೊಟ್ಟೇ ರಿಂಕಿಗೆ ಮರಳಿದ. ಕೋಚ್‌ಗೆ ಅದು ಇಷ್ಟವಿರಲಿಲ್ಲ. ಆಗಿನ ಕಾಲಕ್ಕೆ ದೊಡ್ಡ ಲೀಗಿನಲ್ಲೂ ಗೋಲ್‌ಕೀಪರ್‌ಗಳು ಸಾಮಾನ್ಯವಾಗಿ ಬರಿಮುಖದಲ್ಲೇ ನಿಲ್ಲುತ್ತಿದ್ದರು, ನೆನೆದರೆ ಮೈ ಜುಂ ಎನ್ನುತ್ತದೆ. ಈಗ ಕೆನಡಾದಲ್ಲಿ ಮಕ್ಕಳ ಮಾಸ್ಕಿಗೆ ಸಿಎಸ್ಎ ಸುರಕ್ಷತಾ ಮುದ್ರೆ, ಕುತ್ತಿಗೆಯ ಪಟ್ಟಿಗೆ ಬಿಎನ್‌ಕ್ಯೂ ಮುದ್ರೆ ಇರಲೇಬೇಕು. ಮಾಸ್ಕ್ ಹಾಕಿಸಿ ತಲೆ ಅಲ್ಲಾಡಿಸಲು ಹೇಳು. ತಲೆ ತಿರುಗಿದರೂ ಮಾಸ್ಕ್ ನಿಂತಲ್ಲೇ ಇದ್ದರೆ ಅದು ದೊಡ್ಡದು. ಟಿವಿಯಲ್ಲಿ ಕಾಣುವ, ಕಣ್ಣಿನ ಬಳಿ ಅಗಲ ಸಂದಿಯಿರುವ ಜಾಲರಿಯನ್ನು ಅವಳು ಕೇಳಿಯೇ ಕೇಳುತ್ತಾಳೆ. ಎಷ್ಟು ಅತ್ತರೂ ಬೇಡವೆನ್ನು.

ಎದೆಕವಚ ತೊಡಿಸಿದ ಮೇಲೂ ಒಮ್ಮೆ ಮಂಡಿಯೂರಿಸು, ಅದು ಗಂಟಲಿಗೆ ಒತ್ತಬಾರದು.

ಶನಿವಾರ ಅಂಗಡಿ ತೆರೆಯುವ ಹೊತ್ತಿಗೇ ಹೋಗು. ಜನ ಸೇರಿದ ಮೇಲೆ ಇಷ್ಟೆಲ್ಲ ಹಾಕಿಸಿ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅವಳ ಸ್ಕೇಟನ್ನು ಹಿಂದಿನ ರಾತ್ರಿಯೇ ಕಾರಿನಲ್ಲಿಡು.

ಇಂತಿ,
ನಿನ್ನ ದೊಡ್ಡಮ್ಮ