ಗುಪ್ತ ಅತಿಥಿಗೆ ಗಿಟ್ಟುವುದೆಷ್ಟು?

ಸಾಮಾನ್ಯ ಗಿರಾಕಿಯ ಹಾಗೆ ಹೋಗಿ, ಹಣ ಕೊಟ್ಟು ಸೇವೆ ಪಡೆದು, ಅದು ಹೇಗಿತ್ತೆಂದು ವರದಿ ಬರೆದುಕೊಡುವವರು ಮಿಸ್ಟರಿ ಶಾಪರ್‌ಗಳು. ವರದಿ ಬೇಕೆಂದು ದುಡ್ಡು ಕೊಡುವುದು ಆ ಸಂಸ್ಥೆಯ ಆಡಳಿತವೇ. ಬಂದವರು ಯಾರೆಂದು ಗೊತ್ತಿಲ್ಲದಿರುವುದು ಎದುರಿಗೆ ನಿಂತ ಸಿಬ್ಬಂದಿಗೆ ಮಾತ್ರ. 1940ರ ದಶಕದ ಅಮೆರಿಕದಲ್ಲಿ ಬ್ಯಾಂಕು ಮತ್ತು ಅಂಗಡಿಗಳ ನೌಕರರ ಪ್ರಾಮಾಣಿಕತೆ ಪರೀಕ್ಷಿಸಲು ಬಳಕೆಗೆ ಬಂದ ಈ ಪದ್ಧತಿ ಆಮೇಲೆ ಪೆಟ್ರೋಲ್ ಬಂಕ್, ಕಾರು ಷೋರೂಂ, ಆಸ್ಪತ್ರೆ, ಹೋಟೆಲ್‌ಗಳಿಗೂ ಹಬ್ಬಿತು. ಈ ಕೆಲಸ ವಹಿಸಿಕೊಳ್ಳುವ ಕಂಪನಿಗಳ ಸಂಘವಾದ ಎಂಎಸ್‌ಪಿಎ 1998ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಏಷ್ಯಾ-ಪೆಸಿಫಿಕ್ ವಲಯಕ್ಕೂ ಈಗ ಅದರ ಶಾಖೆಯಿದೆ.

ಹೋಟೆಲ್ ತಪಾಸಣೆಯಲ್ಲೇ ಹಲವು ಬಗೆ. ಭಾರತದಲ್ಲಿ ನಕ್ಷತ್ರ ದರ್ಜೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಅದು ಹೋಟೆಲಿನವರಿಗೆ ಗೊತ್ತಿದ್ದೇ ಬರುತ್ತದೆ, ಕೊಟ್ಟ ದರ್ಜೆ ಐದು ವರ್ಷ ನಡೆಯುತ್ತದೆ. 1958ರಲ್ಲಿ ಮೊಬಿಲ್ ಟ್ರಾವೆಲ್ ಗೈಡ್ ಆಗಿ ಶುರುವಾದ ಇಂದಿನ ಫೋರ್ಬ್ಸ್ ಟ್ರಾವೆಲ್ ಗೈಡ್ ತನ್ನದೇ ವೃತ್ತಿಪರ ತಪಾಸಕರನ್ನು ಹೆಸರು ಹೇಳದೆ ಕಳಿಸುತ್ತದೆ. ಅವರು ಎರಡು ರಾತ್ರಿ ತಂಗಿ ನೂರಾರು ಮಾನದಂಡಗಳ ಮೇಲೆ ಅಂಕ ಹಾಕುತ್ತಾರೆ. ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಮಾಡಿಕೊಳ್ಳಲು ಬರುವವರಿಗೆ ಸಿಗುವುದು ಇವೆರಡೂ ಅಲ್ಲದ ಮೂರನೆಯ ಬಗೆ. ಹೋಟೆಲ್ ಸರಪಳಿಯೊಂದು ಮಧ್ಯವರ್ತಿ ಕಂಪನಿಗೆ ಗುತ್ತಿಗೆ ಕೊಡುತ್ತದೆ, ಆ ಕಂಪನಿ ಊರೂರಲ್ಲಿ ನೋಂದಾಯಿಸಿಕೊಂಡ ಹವ್ಯಾಸಿಗಳಿಗೆ ಒಂದೊಂದು ತಂಗುವಿಕೆಯನ್ನು ಹಂಚುತ್ತದೆ. ನೋಂದಣಿಗೆ ಹಣ ಬೇಕಿಲ್ಲ, ಪಾನ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಸಾಕು. ಆದರೆ ಹೊಸಬರಿಗೆ ಹೋಟೆಲ್ ವಾಸ ಕೈಗೆ ಬರುವುದಿಲ್ಲ. ಮೊದಲು ಮೊಬೈಲ್ ಅಂಗಡಿ, ಬರ್ಗರ್ ಅಂಗಡಿಗಳ ಸಣ್ಣಪುಟ್ಟ ಕೆಲಸ ಮಾಡಿ ಒಳ್ಳೆಯ ವರದಿ ಬರೆಯುವವರೆಂದು ಹೆಸರು ಪಡೆಯಬೇಕು.

ಕೆಲಸ ಶುರುವಾಗುವುದು ಹೋಟೆಲಿನಲ್ಲಿ ಅಲ್ಲ, ಫೋನಿನಲ್ಲಿ. ಎಷ್ಟು ರಿಂಗಿಗೆ ಎತ್ತಿದರು, ಹೆಸರು ಹೇಳಿದರೇ, ದುಬಾರಿ ಕೋಣೆಯ ವಿಷಯ ತೆಗೆದರೇ, ತೆಗೆದದ್ದು ಒತ್ತಾಯದಂತೆ ಕೇಳಿಸಿತೇ ಎಂಬುದೆಲ್ಲ ನಮೂನೆಯಲ್ಲಿ ಬರುತ್ತದೆ. ಭಾರತದಲ್ಲಿ ಸುಳ್ಳು ಹೆಸರಿನ ಆಟ ನಡೆಯುವುದಿಲ್ಲ. ಚೆಕ್‌ಇನ್ ಹೊತ್ತಿಗೆ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ತೋರಿಸಲೇಬೇಕು. ಹಾಗಾಗಿ ಗುಟ್ಟು ಉಳಿಯುವುದು ನಡವಳಿಕೆಯಲ್ಲಿ. ಗಡಿಯಾರ ನೋಡಿ ನೋಡಿ ಬರೆದುಕೊಳ್ಳುವ ಅತಿಥಿ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಾನೆ. ಮೊಬೈಲಿನಲ್ಲಿ ತನಗೆ ತಾನೇ ಮೆಸೇಜ್ ಕಳಿಸಿಕೊಳ್ಳುವವನನ್ನು ಯಾರೂ ಗಮನಿಸುವುದಿಲ್ಲ, ಎಲ್ಲರೂ ಮಾಡುತ್ತಿರುವುದು ಅದನ್ನೇ. ಸ್ವಾಗತ ಕಟ್ಟೆಯಲ್ಲಿ ನೋಡಬೇಕಾದ ಒಂದು ಅಂಶ ಬಹಳ ಮಂದಿಗೆ ಹೊಳೆಯುವುದಿಲ್ಲ. ಕೋಣೆಯ ಸಂಖ್ಯೆಯನ್ನು ಜೋರಾಗಿ ಹೇಳಬಾರದು. ಒಬ್ಬಂಟಿ ಹೆಂಗಸೊಬ್ಬಳು 412ರಲ್ಲಿ ಇದ್ದಾಳೆಂದು ಲಾಬಿಯಲ್ಲಿ ಕೂತವರಿಗೆಲ್ಲ ತಿಳಿಯಬಾರದು ಎಂಬುದಕ್ಕೆ ಸಂಖ್ಯೆಯನ್ನು ಕೀ ಕಾರ್ಡಿನ ಲಕೋಟೆ ಮೇಲೆ ಬರೆದು ಬೆರಳಿಟ್ಟು ತೋರಿಸುವುದು ಕ್ರಮ.

ಕೋಣೆಯೊಳಗೆ ಕಾಲಿಟ್ಟ ಮೇಲೆ ಹಾಸಿಗೆಯ ಮೇಲೆ ಒರಗುವ ಹಾಗಿಲ್ಲ. ಏನನ್ನೂ ಮುಟ್ಟುವ ಮೊದಲೇ ಫೋಟೊಗಳಾಗಬೇಕು. ಬಚ್ಚಲಿನ ಜಾಲರಿಯಲ್ಲಿ ಕೂದಲು, ಚಿತ್ರಪಟದ ಚೌಕಟ್ಟಿನ ಮೇಲಂಚಿನ ಧೂಳು, ಕೆಟಲ್ ತಳದ ಬಿಳಿ ಕರೆ, ಪರದೆ ಹಿಂದಿನ ಕಿಟಕಿ ಗಾಜು, ಮಂಚದ ಕೆಳಗೆ. ಮಾರನೆಯ ದಿನ ಗುಡಿಸಿದರೋ ಇಲ್ಲವೋ ತಿಳಿಯಲು ಮಂಚದ ಕಾಲಿನ ಬುಡದಲ್ಲಿ ಒಂದು ಕಾಗದದ ಚೂರು ಬಿಡುವುದು ಹಳೆಯ ಉಪಾಯ. ರಿಮೋಟಿನ ಒಂದು ಸೆಲ್ ತೆಗೆದಿಟ್ಟು ‘ಟೀವಿ ಆನ್ ಆಗುತ್ತಿಲ್ಲ’ ಎಂದು ದೂರು ಕೊಟ್ಟು, ಎಷ್ಟು ಹೊತ್ತಿಗೆ ಬಂದರು, ಬಾಗಿಲು ತಟ್ಟಿ ಕಾದರೇ, ಸರಿಯಾದ ಮೇಲೆ ಮತ್ತೆ ಫೋನ್ ಮಾಡಿ ವಿಚಾರಿಸಿದರೇ ಎಂದು ಗುರುತು ಹಾಕಿಕೊಳ್ಳುವುದೂ ಉಂಟು. ಬಾರ್‌ನಲ್ಲಿ ನಗದು ಕೊಟ್ಟು ಬಿಲ್ಲು ಕೇಳದೆ ಸುಮ್ಮನೆ ಕೂರುವುದು ಕಟುವಾದ ಪರೀಕ್ಷೆ: ಬಿಲ್ಲು ಬಾರದಿದ್ದರೆ ಹಣ ಗಲ್ಲಾ ಸೇರಿಲ್ಲವೆಂಬ ಅನುಮಾನಕ್ಕೆ ಅಲ್ಲಿಂದಲೇ ಆರಂಭ. ಇಲ್ಲಿ ಕಂಡದ್ದನ್ನಷ್ಟೇ ಬರೆಯಬೇಕು, ಕಳ್ಳನೆಂಬ ತೀರ್ಪು ಕೊಡಬಾರದು. ಒಬ್ಬರ ಕೆಲಸ ಹೋಗುವ ವಿಷಯ ಅದು.

ಮಧ್ಯವರ್ತಿ ಕಂಪನಿಯ ಹೆಸರು ಬಿಲ್ಲಿನಲ್ಲಿ ಎಲ್ಲಿಯೂ ಬರಕೂಡದು. ಹೊರಡುವ ಹೊತ್ತಿಗೆ ‘ಸಾರ್, ಕಂಪನಿ ಜಿಎಸ್‌ಟಿ ನಂಬರ್ ಹಾಕಬೇಕಾ?’ ಎಂದು ಕೇಳಿದಾಗ ಬೇಡ ಎನ್ನುವುದೇ ಉತ್ತರ.

ವರದಿಯ ಗಡುವು ಸಾಮಾನ್ಯವಾಗಿ ಒಂದೆರಡು ದಿನ. ಹೌದು-ಇಲ್ಲ ಪ್ರಶ್ನೆಗಳ ಜೊತೆಗೆ ಪುಟಗಟ್ಟಲೆ ವಿವರಣೆ ಬರೆಯಬೇಕು. ‘ಊಟ ತಡವಾಗಿ ಬಂತು’ ಎಂದು ಬರೆದರೆ ಮಧ್ಯವರ್ತಿ ಕಂಪನಿಯ ಸಂಪಾದಕರು ವಾಪಸ್ ಕಳಿಸುತ್ತಾರೆ. ‘7.42ಕ್ಕೆ ಆರ್ಡರ್, 8.31ಕ್ಕೆ ಊಟ, ನಡುವೆ ಯಾರೂ ಮೇಜಿನ ಬಳಿ ಬರಲಿಲ್ಲ’ ಎಂದಿರಬೇಕು. ಸಿಬ್ಬಂದಿಯ ಹೆಸರು ಬ್ಯಾಡ್ಜಿನಲ್ಲಿ ಕಾಣದಿದ್ದರೆ ಎತ್ತರ, ವಯಸ್ಸು, ಕನ್ನಡಕ ಬರೆಯಬೇಕು. ತಂಗಿದ್ದಕ್ಕಿಂತ ಬರೆಯುವುದೇ ಕಷ್ಟವೆಂದು ಈ ಕೆಲಸ ಮಾಡಿದವರೆಲ್ಲ ಹೇಳುತ್ತಾರೆ, ಈ ಅಂಕಣಕಾರನ ಅನುಭವವೂ ಬೇರೆಯಲ್ಲ.

ಇನ್ನು ಹಣದ ಮಾತು. ಹೋಟೆಲ್ ವಾಸ ‘ಪುಕ್ಕಟೆ’ ಎಂಬ ಮಾತು ಚಾಲ್ತಿಯಲ್ಲಿದೆ. ಅದು ಪುಕ್ಕಟೆಯಲ್ಲ, ಮೊದಲು ಕೈಯಿಂದ ಹಾಕಿ ಆಮೇಲೆ ಮರಳಿ ಪಡೆಯುವ ಹಣ. ಮರಳಿ ಬರುವುದಕ್ಕೆ ಮಿತಿಯೂ ಇರುತ್ತದೆ. ಒಂದು ಮಾದರಿ ಲೆಕ್ಕ ಹೀಗಿದೆ. ಕೋಣೆ ಬಾಡಿಗೆ 6,000 ರೂಪಾಯಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5, ಅಂದರೆ 300 ರೂಪಾಯಿ. ರಾತ್ರಿ ಊಟ ತೆರಿಗೆ ಸೇರಿ 1,680, ಕೋಣೆಗೆ ತರಿಸಿದ ತಿಂಡಿ 420. ಹೋಟೆಲಿನ ಒಟ್ಟು ಬಿಲ್ಲು 8,400. ಟ್ಯಾಕ್ಸಿಗೆ 900, ರಸೀದಿಯಿಲ್ಲದ ಟಿಪ್ಸು 200. ಕೈಬಿಟ್ಟದ್ದು 9,500. ಕಂಪನಿ ಮರಳಿಸುವ ಮಿತಿ 8,000, ಶುಲ್ಕ 2,000 ಎಂದಿದ್ದರೆ ಬರುವುದು 10,000. ಉಳಿದದ್ದು 500. ಸೂಚನೆಗಳನ್ನು ಓದಲು ಒಂದು ಗಂಟೆ, ಹೋಟೆಲಿನಲ್ಲಿ ಎಚ್ಚರವಾಗಿದ್ದು ದುಡಿದ ಒಂಬತ್ತು ಗಂಟೆ, ಬರೆಯಲು ಐದು ಗಂಟೆ ಎಂದು ಹಿಡಿದರೆ ಗಂಟೆಗೆ 33 ರೂಪಾಯಿ.

ಈ 500 ಕೂಡ ಉಳಿಯಬೇಕೆಂದರೆ ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟಬೇಕು. ಕಂಪನಿಯ ಹಣ ಬರಲು ಒಂದೂವರೆ ತಿಂಗಳು ಹಿಡಿಯುವುದು ಹೊಸದೇನಲ್ಲ, ಕಾರ್ಡಿನವರು ಅಲ್ಲಿಯವರೆಗೆ ಕಾಯುವುದಿಲ್ಲ. ತಿಂಗಳಿಗೆ ಶೇ 3.5ರ ಬಡ್ಡಿಯಾದರೆ 8,400ಕ್ಕೆ 294 ರೂಪಾಯಿ, ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 53. ಒಂದೇ ತಿಂಗಳು ಮುಂದೂಡಿದರೂ 500ರಲ್ಲಿ 153 ಮಿಗುತ್ತದೆ. ಗಡುವು ಮೀರಿತೆಂದೋ ಬಿಲ್ಲಿನ ಒಂದು ಪುಟ ಕಾಣೆಯಾಯಿತೆಂದೋ ವರದಿ ತಿರಸ್ಕೃತವಾದರೆ ಪೂರ್ತಿ 9,500 ಕೈಬಿಟ್ಟಂತೆ. ಆದ್ದರಿಂದ ಈ ಕೆಲಸಕ್ಕೆ ಬೇಕಾದ ಮೊದಲ ಬಂಡವಾಳ ಎರಡು ತಿಂಗಳು ಇಲ್ಲದಿದ್ದರೂ ಮನೆ ನಡೆಯುವಷ್ಟು ಬಿಡಿ ಹಣ. ಆಪತ್ಕಾಲದ ನಿಧಿಯಿಂದ ತೆಗೆಯುವುದು ತಪ್ಪು ಲೆಕ್ಕ.

ಹಾಗಿದ್ದೂ ಜನ ಏಕೆ ಮಾಡುತ್ತಾರೆ? ಆ ಊರಿಗೆ ಹೇಗೂ ಹೋಗಲೇಬೇಕಿದ್ದವರಿಗೆ ಲೆಕ್ಕ ಬದಲಾಗುತ್ತದೆ. ಮದುವೆಗೋ ಮಗಳ ಕೌನ್ಸೆಲಿಂಗಿಗೋ ಮೈಸೂರಿಗೆ ಹೊರಟವರು ಹೇಗೂ 2,500 ರೂಪಾಯಿಯ ಲಾಡ್ಜ್ ಹಿಡಿಯುತ್ತಿದ್ದರೆ ಅಷ್ಟು ನಿಜವಾದ ಉಳಿತಾಯ. 6,000 ಉಳಿಯಿತೆಂದು ಹೇಳಿಕೊಳ್ಳುವುದು ಮಾತ್ರ ಸರಿಯಲ್ಲ, ಸ್ವಂತ ದುಡ್ಡಿನಲ್ಲಿ ಆ ಕೋಣೆಯನ್ನು ಅವರು ಹಿಡಿಯುತ್ತಲೇ ಇರಲಿಲ್ಲ. ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಕೆಲವು ಕಂಪನಿಗಳು ಬಿಡುತ್ತವೆ, ಅವರ ಊಟದ ಖರ್ಚನ್ನು ಕೊಡುವುದು ಅಪರೂಪ.

ತೆರಿಗೆಯ ವಿಷಯದಲ್ಲಿ ಶುಲ್ಕ ಬೇರೆ, ಮರಳಿ ಬಂದ ಖರ್ಚು ಬೇರೆ. ಶುಲ್ಕ ಆದಾಯ, ಬಿಲ್ಲಿಗೆ ತಕ್ಕಂತೆ ಮರಳಿ ಬಂದದ್ದು ಆದಾಯವಲ್ಲ, ಆದರೆ ಅದನ್ನು ತೋರಿಸಲು ಬಿಲ್ಲಿನ ಪ್ರತಿ ಇಟ್ಟುಕೊಂಡಿರಬೇಕು. ಎರಡನ್ನೂ ಒಂದೇ ಇನ್‌ವಾಯ್ಸಿನಲ್ಲಿ ಸೇರಿಸಿ ಕಳಿಸಿದರೆ ಪೂರ್ತಿ ಮೊತ್ತದ ಮೇಲೆ ಟಿಡಿಎಸ್ ಹಿಡಿಯುವ ಸಂಭವವಿದೆ. ಬೇರೆ ಬೇರೆ ಕಳಿಸುವುದು ಮೇಲು. ಒಂದೇ ಕಂಪನಿ ವರ್ಷಕ್ಕೆ 50,000 ರೂಪಾಯಿ ಮೀರಿ ವೃತ್ತಿ ಶುಲ್ಕ ಕೊಟ್ಟರೆ ಟಿಡಿಎಸ್ ಶೇ 10. ಪಾನ್ ಕೊಡದಿದ್ದರೆ ಶೇ 20. ಈ ಕೆಲಸವನ್ನು ನಿಯಮಿತವಾಗಿ ಮಾಡುವ ಸಂಬಳದಾರರು ಸಹಜ್ ಫಾರಂ ತುಂಬಿ ಮುಗಿಸುವಂತಿಲ್ಲ, ಅದರಲ್ಲಿ ವೃತ್ತಿ ಆದಾಯಕ್ಕೆ ಜಾಗವಿಲ್ಲ. ನೌಕರಿಯ ಕರಾರಿನಲ್ಲಿ ಹೊರಗಿನ ಕೆಲಸಕ್ಕೆ ಅನುಮತಿ ಬೇಕೆಂದಿದೆಯೇ ಎಂದು ನೋಡಿಕೊಳ್ಳುವುದೂ ಲೇಸು. ನೌಕರಿಯ ಜೊತೆಗೆ ಗುಟ್ಟಾಗಿ ಬೇರೆ ಕೆಲಸ ಮಾಡುವ ‘ಮೂನ್‌ಲೈಟಿಂಗ್’ ಕುರಿತ 2022ರ ಗದ್ದಲವನ್ನು ಬೆಂಗಳೂರಿನ ಐಟಿ ಮಂದಿ ಮರೆತಿಲ್ಲ.

ಈ ಕೆಲಸದ ಹೆಸರಿನಲ್ಲಿ ಮೋಸವೂ ಜೋರಾಗಿ ನಡೆಯುತ್ತದೆ. ‘ಹೋಟೆಲಿಗೆ ಐದು ಸ್ಟಾರ್ ಕೊಡಿ, ಪ್ರತಿ ರಿವ್ಯೂಗೆ 150 ರೂಪಾಯಿ’ ಎಂಬ ವಾಟ್ಸ್ಆ್ಯಪ್ ಸಂದೇಶದಿಂದ ಶುರುವಾಗಿ ಟೆಲಿಗ್ರಾಂ ಗುಂಪಿಗೆ ಎಳೆದೊಯ್ಯುತ್ತಾರೆ. ಮೊದಲೆರಡು ಸಲ ಹಣ ಬಂದೇ ಬರುತ್ತದೆ. ಮೂರನೆಯದು ‘ಪ್ರೀಪೇಯ್ಡ್ ಟಾಸ್ಕ್’: 5,000 ಕಟ್ಟಿ 6,500 ಪಡೆಯಿರಿ. ಆಮೇಲೆ ಕಟ್ಟಿದ್ದನ್ನು ಬಿಡಿಸಿಕೊಳ್ಳಲು ಮತ್ತಷ್ಟು ಕಟ್ಟುವ ಸರಣಿ. ಇಂಥ ಪಾರ್ಟ್‌ಟೈಂ ಕೆಲಸದ ಸೋಗಿನ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಮುಚ್ಚಿಸಿತು. ಅಮೆರಿಕದಲ್ಲಿ ಇದೇ ಮೋಸ ನಕಲಿ ಚೆಕ್ಕಿನ ರೂಪದಲ್ಲಿದೆ: ಚೆಕ್ ಜಮಾ ಮಾಡಿ ಅದರಲ್ಲೊಂದು ಪಾಲಿಗೆ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸಿ ಎನ್ನುತ್ತಾರೆ, ವಾರದ ಮೇಲೆ ಚೆಕ್ ಬೌನ್ಸ್ ಆಗುತ್ತದೆ. ಅಲ್ಲಿನ ಕನ್ನಡಿಗ ವಿದ್ಯಾರ್ಥಿಗಳೂ ಎಚ್ಚರವಿರಬೇಕಾದ ವಿಷಯವಿದು.

ಅಸಲಿ ಕೆಲಸವನ್ನು ಗುರುತಿಸಲು ಹಣ ಹೋಗುವ ದಾರಿ ನೋಡಿದರೆ ಸಾಕು. ಅಸಲಿಯಲ್ಲಿ ತಪಾಸಕ ಕಾರ್ಡ್ ಉಜ್ಜುವುದು ಹೋಟೆಲಿನ ಯಂತ್ರದಲ್ಲಿ ಮಾತ್ರ, ಕಂಪನಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ನಕಲಿಯಲ್ಲಿ ಹಣ ಯಾರದೋ ಯುಪಿಐ ಐಡಿಗೆ, ಪ್ರತಿ ಸಲವೂ ಬೇರೆ ಹೆಸರಿಗೆ ಹೋಗುತ್ತದೆ. ಹಾಗೆ ಹೋದದ್ದು ಗೊತ್ತಾದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಆ ಖಾತೆಯಲ್ಲಿ ಉಳಿದ ಹಣವನ್ನಾದರೂ ತಡೆಹಿಡಿಯುವ ಸಾಧ್ಯತೆ ಇರುತ್ತದೆ.